ಎಡಗೈಯ ಬೆಂಚು

ಆ ದಿನ ಚಂದ್ರಮತಿ ಬಲಗೈಯಲ್ಲಿ ಕಾಫಿ ಕೊಡದೆ ಇದ್ದಿದ್ದರೆ ಚೆಲುವರಾಜುಗೆ ಏನೂ ಗೊತ್ತಾಗುತ್ತಿರಲಿಲ್ಲ.

ಸರ್ಕಾರಿ ಕೈಗಾರಿಕೆ ಇಲಾಖೆಯ ನೌಕರನಾದ ಅವನು ಹಿನಕಲ್ಲಿಗೆ ಬಂದದ್ದು ಅವಳ ಅಪ್ಪ ಬೆಟ್ಟಯ್ಯನನ್ನು ಹುಡುಕಿಕೊಂಡು. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಪ್ಯಾಂಟಿಗೆ ಸಿಕ್ಕಿಸಿದ್ದ ಕ್ಲಿಪ್ಪು ತೆಗೆಯುವುದನ್ನೂ ಮರೆತು ಜಗಲಿ ಹತ್ತಿದ. ಪಂಚವಾರ್ಷಿಕ ಯೋಜನೆಯಲ್ಲಿ ಸರ್ಕಾರದವರು ಊರೂರಿನ ಒಳ್ಳೇ ಕೆಲಸಗಾರರನ್ನು ಹುಡುಕುತ್ತಿದ್ದಾರಂತೆ. ಜಯಲಕ್ಷ್ಮಿಪುರಂನಲ್ಲಿ ಹೊಸ ತರಬೇತಿ ಕೇಂದ್ರ ತೆರೆದಿದ್ದಾರಂತೆ. ಬೀಟೆ ಮರದೊಳಗೆ ಬಿಳಿ ಮರದ ಆನೆ, ಗಿಳಿ, ಬಳ್ಳಿ ಕೂರಿಸುವ ಇನ್‌ಲೇ ಕೆಲಸ ಕಲಿಸೋಕೆ ಮೇಷ್ಟ್ರು ಬೇಕಂತೆ.

"ಕೈ ಬಲ್ಲೋರೆಲ್ಲ ಬೊಂಬಾಯಿ ಸೇಠುಗಳ ಕಾರ್ಖಾನೆಗೆ ಹೊರಟ್ಹೋಗ್ತಾ ಇದ್ದಾರೆ ಬೆಟ್ಟಯ್ಯನವರೇ. ನೀವಾದ್ರೂ ಇಲ್ಲೇ ಉಳೀಬೇಕು. ನಾಲ್ಕು ಜನಕ್ಕೆ ಕಲಿಸ್ಬೇಕು."

ಬೆಟ್ಟಯ್ಯ ಕೆಮ್ಮಿದ. ಒಳಗೆ ಬಾಗಿಲ ಸಂದಿಯಲ್ಲಿ ಚಂದ್ರಮತಿ ನಿಂತಿದ್ದಳು. ಅಪ್ಪನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಆ ಮನೆಯಿಂದ ಹೋದ ಒಂದೊಂದು ಆನೆಯನ್ನೂ ಕೊಯ್ದವಳು ಅವಳು. ಅದು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಚೆಲುವರಾಜು ಗೂಡಿನಲ್ಲಿದ್ದ ಆನೆಯ ಹಲಗೆಯನ್ನು ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ಸೊಂಡಿಲ ಅಂಚನ್ನು ಸವರಿದ. ಎಷ್ಟು ಮೆಲ್ಲಗೆ ಸವರಿದನೆಂದರೆ, ಚಂದ್ರಮತಿಗೆ ತನ್ನ ಕೆನ್ನೆ ಬಿಸಿಯಾದ ಹಾಗಾಯಿತು. ಆಮೇಲೆ ಅವನ ಹುಬ್ಬು ಗಂಟಾಯಿತು.

"ಇದೇನು, ಅಂಚು ಹಿಂಗೆ ಎಡಕ್ಕೆ ವಾಲಿದೆ?"

ಈ ಕೆಲಸಕ್ಕೆ ಹಿಡಿಯುವುದು ಕೂದಲಿನಷ್ಟು ಸಣ್ಣ ಅಲಗಿನ ಗರಗಸ. ಹಿಡಿದ ಕೈ ಯಾವ ಕಡೆಯದೋ, ಮರದ ಅಂಚೂ ಆ ಕಡೆಗೆ ಒಂದು ಚೂರು ವಾಲುತ್ತದೆ. ಕೆಲಸ ಬಲ್ಲವನ ಬೆರಳಿಗೆ ಮಾತ್ರ ಅದು ಸಿಗುತ್ತದೆ.

"ಕಾಫಿ ತಗೊಂಡ್ ಹೋಗವ್ವ," ಎಂದು ಸೋದರತ್ತೆ ಸಿದ್ದಲಿಂಗಮ್ಮ ಅಡುಗೆಮನೆಯಿಂದ ಸರಿಯಾಗಿ ಆಗಲೇ ಕೂಗಿದಳು. ಲೋಟವನ್ನು ಕೈಗಿಡುತ್ತಾ ಕಿವಿಯಲ್ಲಿ, "ಬಲಗೈ ಕಣೇ, ಬಲಗೈ. ಹೋದ ಸಲದ ಹಾಗೆ ಮಾಡ್ಬುಟ್ಟೀಯ!" ಎಂದಳು.

ಹೋದ ಸಲ ಹೆಣ್ಣು ನೋಡಲು ಬಂದಿದ್ದವರಿಗೆ ಅವಳು ಮರೆತು ಎಡಗೈಯಲ್ಲಿ ಲೋಟ ನೀಡಿದ್ದಳು. ಎಡಚಿ ನಮಗೆ ಬೇಡ ಎಂದು ಅವರು ಕಾಫಿಯನ್ನೂ ಮುಟ್ಟದೆ ಎದ್ದು ಹೋಗಿದ್ದರು.

ಈ ಸಲ ಬಲಗೈ ಚಾಚಿದಳು. ಲೋಟ ವಾಲಿತು. ಅರ್ಧ ಲೋಟ ಕಾಫಿ ಅವನ ಖಾಕಿ ಚೀಲದ ಮೇಲೆ, ಇನ್ನರ್ಧ ಅವನು ತಂದಿದ್ದ ಸರ್ಕಾರದ ಅರ್ಜಿ ಫಾರಂ ಮೇಲೆ.

ಚೆಲುವರಾಜು ಫಾರಂ ಕೊಡವಿದ. ಅವಳ ಬಲಗೈಯನ್ನು ನೋಡಿದ. ಆಮೇಲೆ ಸೆರಗಿನಡಿಯಿಂದ ಇಣುಕಿದ ಎಡಗೈಯನ್ನು. ತೋರುಬೆರಳ ಪಕ್ಕ ಗರಗಸದ ಹಿಡಿ ಒತ್ತಿ ಒತ್ತಿ ಬೆಳ್ಳಗೆ ಜಡ್ಡುಗಟ್ಟಿತ್ತು. ಅವನ ಮುಖದ ಮೇಲೆ ನಿಧಾನವಾಗಿ ಬೆಳಕು ಹರಡಿತು.

"ಈ ಆನೆ ನಿಮ್ಮದು," ಅಂದ.

ಅವಳು ಒಳಗೆ ಓಡಿದಳು.

ಜಗಲಿಯಲ್ಲಿ ಬಹಳ ಹೊತ್ತು ಮಾತು ನಡೆಯಿತು. ಬೆಟ್ಟಯ್ಯನ ದನಿ ಏರಿತು, ಇಳಿಯಿತು. "ಊರೆಲ್ಲ ಎಡಚಿ ಅಂತ ಸಾರಿದ್ರೆ ಅವಳನ್ನ ಯಾರಪ್ಪ ಮದುವೆ ಆಗ್ತಾರೆ?" ಎಂದದ್ದು ಕೇಳಿಸಿತು. ಅದಕ್ಕೆ ಚೆಲುವರಾಜು ಏನೋ ಮೆತ್ತಗೆ ಹೇಳಿದ. ಅತ್ತೆ ಕಿಸಕ್ಕನೆ ನಕ್ಕಳು. ಏನು ಹೇಳಿದನೆಂದು ಚಂದ್ರಮತಿ ಎಷ್ಟು ಕೇಳಿದರೂ ಅತ್ತೆ ಬಾಯಿ ಬಿಡಲಿಲ್ಲ.

ಹೋಗುವಾಗ ಅವನು ಬಾಗಿಲ ಸಂದಿಗೆ ಹೇಳಿದ. "ಸೋಮವಾರ ಹತ್ತು ಗಂಟೆಗೆ ಕೇಂದ್ರದಲ್ಲಿ ಮೇಷ್ಟ್ರ ಕೆಲಸದ ಪರೀಕ್ಷೆ. ಕಾಫಿ ಬಿದ್ದ ಫಾರಂ ನಾನೇ ಇಟ್ಕೊಂಡಿದ್ದೀನಿ. ಒಣಗಿದ ಮೇಲೆ ಕಲೆ ಮೇಲೇ ನಿಮ್ಮ ಹೆಸರು ಬರೆದ್ರೂ ಓದ್ಬೋದು."

"ನಾನು ಬರ್ತೀನಿ ಅಂತ ಯಾರು ಹೇಳಿದ್ರು?" ಎಂದಳು ಚಂದ್ರಮತಿ. ಸಂದಿಯ ಮರೆಯಲ್ಲಿ ಅವಳಿಗೆ ಸ್ವಲ್ಪ ಧೈರ್ಯವಿತ್ತು.

"ಆನೆ ಹೇಳ್ತು."

ಮೂರು ದಿನ ಅವಳು ಪರೀಕ್ಷೆಗೆ ಹೋಗುವುದಿಲ್ಲ ಅಂತಲೇ ಅಂದುಕೊಂಡಳು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಎಡಗೈ ಗೆಣ್ಣಿನ ಮೇಲೆ ಬಾರಿಸಿದ ರೂಲುದೊಣ್ಣೆ ನೆನಪಾಗುತ್ತಿತ್ತು. ಅಂದೇ ಅವಳು ಸ್ಕೂಲು ಬಿಟ್ಟದ್ದು. ಆದರೆ ಭಾನುವಾರ ಸಂಜೆ ಅಪ್ಪ ತನ್ನ ಗರಗಸವನ್ನು ಬಟ್ಟೆಯಲ್ಲಿ ಒರೆಸಿ, ತಡಕಾಡುತ್ತಾ ಅವಳ ಎಡಗೈಗೇ ಇಟ್ಟ.

"ನನ್ನ ಹೆಸರಲ್ಲಿ ಸಾಕು ಮಗ. ಇನ್ಮೇಲೆ ನಿನ್ನ ಹೆಸರಲ್ಲೇ ಕೊಯ್ಯಿ."

ಸೋಮವಾರ ತರಬೇತಿ ಕೇಂದ್ರದಲ್ಲಿ ಐದು ಜನ ಕೆಲಸಗಾರರಿದ್ದರು. ಅವಳೊಬ್ಬಳೇ ಹೆಂಗಸು. ಮೇಜಿನಾಚೆ ಮೂವರು ಅಧಿಕಾರಿಗಳು, ಕೊನೆಯಲ್ಲಿ ಪೆನ್ಸಿಲು ಹಿಡಿದ ಚೆಲುವರಾಜು. ಕೊಡುವ ಮರದಲ್ಲಿ ಒಂದು ಗಿಳಿ ಕೊಯ್ದು ಬೀಟೆ ಹಲಗೆಯಲ್ಲಿ ಕೂರಿಸಬೇಕು. ಒಂದು ಗಂಟೆ ಟೈಮು.

ಬೆಂಚಿಗೆ ಮರ ಬಿಗಿಯುವ ವೈಸನ್ನು ಬಲಗೈಯವರಿಗೆ ಆಗುವ ಹಾಗೆ ಕೂರಿಸಿದ್ದರು. ಎಲ್ಲರೂ ನೋಡುತ್ತಿದ್ದರು. ಚಂದ್ರಮತಿಗೆ ರೂಲುದೊಣ್ಣೆ ಮತ್ತೆ ನೆನಪಾಯಿತು. ಸುಮ್ಮನೆ ಬಲಗೈಯಲ್ಲಿ ಗರಗಸ ಹಿಡಿದಳು.

ಗಿಳಿಯ ಕೊಕ್ಕು ದಾಟುವುದರೊಳಗೆ ಅಲಗು ಟಪ್ಪನೆ ಮುರಿಯಿತು.

ಪಕ್ಕದ ಬೆಂಚಿನ ಮರಿಯಯ್ಯ ಮೀಸೆಯೊಳಗೆ ನಕ್ಕ. "ಇದು ಬೆರಣಿ ತಟ್ಟೋದಲ್ಲ ಕಣಮ್ಮ."

ಚೆಲುವರಾಜು ಎದ್ದ. ಜೇಬಿನಿಂದ ಸ್ಪ್ಯಾನರು ತೆಗೆದು ಅವಳ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೋಲ್ಟು ಬಿಚ್ಚಿ, ವೈಸನ್ನು ಎತ್ತಿ, ಬೆಂಚಿನ ಇನ್ನೊಂದು ತುದಿಗೆ ಇಟ್ಟ. ಆ ತುದಿಯಲ್ಲಿ ನಾಲ್ಕು ತೂತು ಆಗಲೇ ಕೊರೆದಿತ್ತು. ಅವುಗಳ ಸುತ್ತ ಹೊಸ ಮರದ ಹುಡಿ ಇನ್ನೂ ಅಂಟಿಕೊಂಡಿತ್ತು. ಅವಳು ಬಂದೇ ಬರುತ್ತಾಳೆ ಎಂದು ಯಾರೋ ಮೊದಲೇ ಕೊರೆದಿಟ್ಟ ಹಾಗೆ.

"ಏನ್ರೀ ಅದು?" ಎಂದರು ದೊಡ್ಡ ಅಧಿಕಾರಿ.

"ಬೆಂಚು ಸರಿ ಇರಲಿಲ್ಲ ಸಾರ್. ಈಗ ಸರಿಹೋಯ್ತು."

ಏಳುವಾಗ ಅವನು ಅವಳನ್ನು ನೋಡಿದ್ದು ಅರೆಗಳಿಗೆ. ಆ ನೋಟದಲ್ಲಿ ಎಷ್ಟು ನಂಬಿಕೆ ಇತ್ತೆಂದರೆ, ಅವಳಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಹೊಸ ಅಲಗು ಹಾಕಿ, ಬಳೆ ಹಿಂದೆ ಸರಿಸಿ, ಗರಗಸವನ್ನು ಎಡಗೈಗೆ ತಗೊಂಡಳು.

ಆಮೇಲೆ ಕೋಣೆಯಲ್ಲಿ ಗರಗಸದ ಸಣ್ಣ ಸದ್ದು ಬಿಟ್ಟರೆ ಬೇರೇನೂ ಅವಳಿಗೆ ಕೇಳಿಸಲಿಲ್ಲ. ಕೊಕ್ಕು ಬಂತು, ಕತ್ತು ಬಂತು, ಬಾಲದ ಒಂದೊಂದು ಗರಿಯೂ ಬಂತು. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಬಿಳಿ ಗಿಳಿಯನ್ನು ಬೀಟೆ ಹಲಗೆಯಲ್ಲಿ ಕೊರೆದ ಗುಳಿಯೊಳಗೆ ಬೆರಳಿಂದ ಒತ್ತಿದಳು. ಅದು ಗೂಡು ಸೇರಿದಂತೆ ಕೂತಿತು. ಅಂಟು ಹಾಕದೆ ಹಲಗೆ ಬೋರಲು ಹಾಕಿದರೂ ಬೀಳಲಿಲ್ಲ.

ಮರಿಯಯ್ಯ ಎದ್ದು ಬಂದು ನೋಡಿದ. ಮೀಸೆ ಸವರಿಕೊಂಡ. "ನಾನು ಹೇಳಿದ್ದು ವಾಪಸ್ ತಗೊಂಡೆ ಕಣಮ್ಮ."

"ಎಷ್ಟು ಓದಿದ್ದೀಯಮ್ಮ?" ದೊಡ್ಡ ಅಧಿಕಾರಿ ಕೇಳಿದರು.

"ನಾಲ್ಕನೇ ಕ್ಲಾಸು ಸಾರ್."

"ಯಾಕೆ ಬಿಟ್ಟೆ?"

ತಲೆ ತಗ್ಗಿಸಿಕೊಂಡೇ ಇದ್ದವಳು ಈಗ ಎತ್ತಿದಳು. "ಈ ಕೈ ಬೇಡ ಅಂತ ಮೇಷ್ಟ್ರು ಹೊಡೆದ್ರು ಸಾರ್. ಈಗ ಸರ್ಕಾರದವರು ಇದೇ ಕೈ ಬೇಕು ಅಂತ ಮನೆ ಹುಡುಕ್ಕೊಂಡು ಬಂದ್ರು."

ಅಧಿಕಾರಿ ಜೋರಾಗಿ ನಕ್ಕು, ಕಾಫಿ ಕಲೆಯ ಫಾರಂಗೆ ರುಜು ಹಾಕಿದರು. ಇನ್ನೊಂದು ಕಾಗದ ಮುಂದಿಟ್ಟರು. ಕೇಂದ್ರ ಬಿಟ್ಟು ಮೂರು ವರ್ಷ ಎಲ್ಲೂ ಹೋಗುವುದಿಲ್ಲ ಎನ್ನುವ ಬಾಂಡು. ಚಂದ್ರಮತಿ ಎಡಗೈಯಲ್ಲಿ ತನ್ನ ಹೆಸರು ಬರೆದಳು, ಒಂದೊಂದೇ ಅಕ್ಷರ.

ಹೊರಗೆ ಚೆಲುವರಾಜು ಸೈಕಲ್ಲಿಗೆ ಒರಗಿ ನಿಂತಿದ್ದ.

"ಕಟ್ಟಿಹಾಕ್ಬುಟ್ರು ನಿಮ್ಮನ್ನ. ಮೂರು ವರ್ಷ."

"ನಿಮ್ಮದು ಎಷ್ಟು ವರ್ಷ?"

"ಇಲಾಖೆಗೆ ಬರೆದುಕೊಟ್ಟ ನನ್ನ ಬಾಂಡು ಹೋದ ತಿಂಗಳೇ ಮುಗೀತು." ಅವನು ಸೈಕಲ್ ಬೆಲ್ಲನ್ನು ಸುಮ್ಮನೆ ಉಜ್ಜಿದ. "ಉತ್ತರದ ಕಡೆ ದೊಡ್ಡ ಉಕ್ಕಿನ ಕಾರ್ಖಾನೆಯಿಂದ ಕೆಲಸದ ಆರ್ಡರ್ ಬಂದಿದೆ. ಶನಿವಾರದೊಳಗೆ ಹೂಂ ಅಥವಾ ಊಹೂಂ ಅಂತ ಬರೀಬೇಕು."

ಚಂದ್ರಮತಿಗೆ ಆಗಷ್ಟೇ ಸಿಕ್ಕಿದ್ದ ನೆಲ ಕಾಲಡಿಯಿಂದ ಜಾರಿದಂತಾಯಿತು. ಹಿಂದಿನ ಚಂದ್ರಮತಿಯಾಗಿದ್ದರೆ ತಲೆ ತಗ್ಗಿಸಿ ಹಿನಕಲ್ ದಾರಿ ಹಿಡಿಯುತ್ತಿದ್ದಳು. ಎರಡು ಹೆಜ್ಜೆ ಹಿಡಿದಳು ಕೂಡ. ಆಮೇಲೆ ತಿರುಗಿದಳು.

"ಆ ತೂತು ಯಾವಾಗ ಕೊರೆದ್ರಿ?"

"ಕಾಫಿ ಚೆಲ್ಲಿದ ದಿನಾನೇ."

"ಅವತ್ತು ಜಗಲಿ ಮೇಲೆ ಅಪ್ಪನಿಗೆ ಏನು ಹೇಳಿದ್ರಿ?"

ಈ ಸಲ ನಾಚಿದವನು ಅವನು. ಕಿವಿ ಕೆಂಪಗಾಯಿತು. "ಅವಳನ್ನ ಯಾರು ಮದುವೆ ಆಗ್ತಾರೆ ಅಂದ್ರಲ್ಲ... ಅದಕ್ಕೆ ಅರ್ಜಿ ಫಾರಂ ಎಲ್ಲಿ ಸಿಗುತ್ತೆ ಅಂತ ಕೇಳ್ದೆ."

ನಗು ಅವಳನ್ನು ಮೀರಿ ಬಂತು. ಬಾಯಿಗೆ ಸೆರಗು ಅಡ್ಡ ಹಿಡಿಯಲು ಹೋದವಳು, ಹಿಡಿಯಲಿಲ್ಲ.

"ಹೋಗ್ಬೇಡಿ," ಎಂದಳು.

ಹುಟ್ಟಿದಾಗಿನಿಂದ ಅವಳು ಯಾರಿಗೂ ಅಷ್ಟು ಗಟ್ಟಿಯಾಗಿ ಏನನ್ನೂ ಕೇಳಿರಲಿಲ್ಲ.

"ಬಾಂಡು ಬರೆದು ಕೊಡ್ತೀರಾ?" ಅಂದ ಅವನು.

"ಮನೆಗೆ ಬನ್ನಿ."

ಭಾನುವಾರ ಅವನು ಪ್ಯಾಂಟಿನ ಕ್ಲಿಪ್ಪು ತೆಗೆದು, ತಲೆ ಬಾಚಿ, ತನ್ನ ಅವ್ವನನ್ನು ಕರೆದುಕೊಂಡು ಬಂದ. ಉತ್ತರಕ್ಕೆ ಹೋಗುವುದಿಲ್ಲವೆಂದು ಬರೆದ ಕಾಗದ ಆಗಲೇ ಟಪಾಲು ಡಬ್ಬಿ ಸೇರಿತ್ತು. ಸಿದ್ದಲಿಂಗಮ್ಮ ಕಾಫಿ ಬೆರೆಸಿ ಲೋಟವನ್ನು ಚಂದ್ರಮತಿಯ ಮುಂದಿಟ್ಟಳು. ಯಾವ ಕೈ ಅಂತ ಈ ಸಲ ಹೇಳಲಿಲ್ಲ.

ಚಂದ್ರಮತಿ ಜಗಲಿಗೆ ಬಂದಳು. ಎಲ್ಲರ ಎದುರಿಗೆ ಎಡಗೈ ಚಾಚಿದಳು. ಲೋಟ ಅಂಚಿನವರೆಗೆ ತುಂಬಿತ್ತು.

ಒಂದು ಹನಿಯೂ ಚೆಲ್ಲಲಿಲ್ಲ.