ಡೂಲಿ ಕರಡಿಯ ಒಳಗೆ ಯಾರು?

ಹೆದ್ದಾರಿಯ ಪಕ್ಕ ಆ ಫಲಕ ಎದ್ದು ನಿಂತ ದಿನದಿಂದ ವರ್ನ್ ಹಾಸ್ಕಿನ್ಸ್ ಕೆಲಸಕ್ಕೆ ಹೋಗುವ ದಾರಿಯನ್ನೇ ಬದಲಿಸಿದ್ದ. ಸುತ್ತುಬಳಸಿನ ದಾರಿ. ಜೋಳದ ಹೊಲಗಳ ನಡುವೆ ಟ್ರ್ಯಾಕ್ಟರುಗಳ ಬೆನ್ನಿಗೆ ಬಿದ್ದು ತೆವಳಬೇಕಿತ್ತು. ಆದರೂ ಅವಳ ಮುಖ ನೋಡುವ ಕರ್ಮ ತಪ್ಪುತ್ತಿತ್ತು. ಫಲಕದ ತುಂಬ ತಲಿಯಾ ಬೀಚಮ್ ಎಂಬ ಹುಡುಗಿ. ಕತ್ತಿನಿಂದ ಕೆಳಗೆಲ್ಲ ಕರಡಿಯ ವೇಷ, ಕತ್ತಿನಿಂದ ಮೇಲೆ ಅವಳೇ. ಕರಡಿಯ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಲ್ಲು ಕಿರಿಯುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ, 'ಡೂಲಿಯ ಒಳಗೆ ಇರೋದು ನಾನೇ!'

ಮಕ್ಕಳ ಕಣ್ಣಿಗೆ ಬೀಳುವಂತೆ ಕರಡಿಯ ತಲೆ ಕಳಚುವುದು! ವರ್ನ್‌ನ ಕಾಲದಲ್ಲಿ ಅದಕ್ಕಿಂತ ದೊಡ್ಡ ಪಾಪ ಇರಲಿಲ್ಲ. ಒಳಗಿರುವವನಿಗೆ ಹೆಸರಿಲ್ಲ, ಮುಖವಿಲ್ಲ, ಬಾಯಿಯಿಲ್ಲ. ಸೆಖೆಗೆ ಕಣ್ಣು ಕತ್ತಲೆ ಬಂದರೂ ನಗುವ ಕರಡಿಯಾಗಿಯೇ ಬೀಳಬೇಕು. ವರ್ನ್ ಯೌವನವನ್ನೂ ನಡುವಯಸ್ಸನ್ನೂ ಅದರೊಳಗೇ ಕಳೆದಿದ್ದ. ಅಕ್ಕಪಕ್ಕದವರು ಅವನನ್ನು ಡೂಲಿ ಮನರಂಜನಾ ಪಾರ್ಕಿನಲ್ಲಿ ಏನೋ ರಿಪೇರಿ ಮಾಡುವವನು ಎಂದುಕೊಂಡಿದ್ದರು. ಸ್ವಂತ ಮಗಳು ಶಾಲೆಯ ಪ್ರವಾಸದಿಂದ ಬಂದು, "ಅಪ್ಪಾ, ಇವತ್ತು ಡೂಲಿ ನನಗೊಬ್ಬಳಿಗೇ ಕೈ ಬೀಸಿದ" ಎಂದಾಗ ಅವನು "ಹೌದಾ ಪುಟ್ಟಾ?" ಎಂದು ಸೂಪು ಕುಡಿಯುತ್ತ ಕೂತಿದ್ದ. ಹೊಟ್ಟೆಯಲ್ಲಿಟ್ಟುಕೊಂಡ ಆ ಗುಟ್ಟನ್ನು ಈಗ ಈ ಹುಡುಗಿ ಫಲಕ ಹಾಕಿ ಹರಾಜಿಗಿಟ್ಟಿದ್ದಳು. ಅಷ್ಟಕ್ಕೆ ಅವಳಿಗೆ ಸಿಕ್ಕಿದ್ದು ಬೈಗುಳವಲ್ಲ, ಚಪ್ಪಾಳೆ. ವರ್ನ್‌ನ ಹೊಟ್ಟೆ ಉರಿಯದೆ ಇನ್ನೇನು ಮಾಡೀತು?

ಡೂಲಿ ಎಂದರೆ ಒಂದು ಕಾಲದಲ್ಲಿ ಓಹಾಯೊ ಸೀಮೆಯಲ್ಲಿ ಪ್ಯಾನ್‌ಕೇಕ್ ಎಂಬ ಸಿಹಿ ದೋಸೆಗೇ ಇನ್ನೊಂದು ಹೆಸರು. ಹೆದ್ದಾರಿಯಿಂದ ಎಲ್ಲಿ ಇಳಿದರೂ ಕೆಂಪು ಚಾವಣಿಯ ಒಂದು ಡೂಲಿ ಹೋಟೆಲು, ಬಾಗಿಲಲ್ಲಿ ಹೊಟ್ಟೆ ಬಿಟ್ಟುಕೊಂಡ ಕರಡಿ. ಆ ಭರಾಟೆಯಲ್ಲೇ ಕಂಪನಿ ಪಾರ್ಕನ್ನೂ ಕಟ್ಟಿತ್ತು. ಅದರಲ್ಲಿ ಅದಕ್ಕೆ ಸುರಿಯುವ ಮೇಪಲ್ ಸಿರಪ್ಪಿನ ಕಂದು ಬಣ್ಣ ಹಾಕಿದ ನೀರಿನ ಕಾಲುವೆ, ಬೆಣ್ಣೆ ಮುದ್ದೆಯಂಥ ದೋಣಿಗಳು. ಜನ ಅದನ್ನು ಸಿರಪ್ ಹೊಳೆ ಎನ್ನುತ್ತಿದ್ದರು. ಆಮೇಲೆ ಹೋಟೆಲುಗಳು ಒಂದೊಂದಾಗಿ ಮುಚ್ಚಿ ಟೈರಿನ ಅಂಗಡಿಯೋ ಹಲ್ಲಿನ ಆಸ್ಪತ್ರೆಯೋ ಆದವು. ಉಳಿದದ್ದನ್ನು ಶಿಕಾಗೋದ ಹೊಸ ಧಣಿಗಳು ಕೊಂಡರು. ಅವರು ಮಾಡಿದ ಮೊದಲ ಕೆಲಸ ಕರಡಿಯ ಹೊಟ್ಟೆ ಕೊಯ್ದಿದ್ದು. ಕಾಲ ಬದಲಾಗಿದೆ, ಕರಡಿ ತೆಳ್ಳಗಿರಬೇಕು, ಫೋನಿನ ಮುಂದೆ ಕುಣಿಯಬೇಕು. ವರ್ನ್‌ನ ಮಂಡಿಗಳು ಕುಣಿಯುವ ಮಂಡಿಗಳಲ್ಲ. ಹಳೆಯ ಮ್ಯಾನೇಜರ್ ಅವನನ್ನು ಸದ್ದಿಲ್ಲದೆ ಹೊಲಿಗೆ ಕೋಣೆಗೆ ದಾಟಿಸಿ ತಾನು ಫ್ಲಾರಿಡಾಕ್ಕೆ ದಾಟಿದ. ಹಳಬರೆಲ್ಲ ಚದುರಿದರು. ಹೊಸಬರ ಪಾಲಿಗೆ ವರ್ನ್ ಎಂದರೆ ಕರಡಿಯ ಚರ್ಮಕ್ಕೆ ತೇಪೆ ಹಾಕುವ ಮುದುಕ, ಅಷ್ಟೆ.

ತಲಿಯಾ ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗಿತ್ತು. ದಿನಾ ಮಧ್ಯಾಹ್ನ ಬೆವರಿನಲ್ಲಿ ತೊಯ್ದು ಬಂದು ಕರಡಿಯನ್ನು ಅವನ ಕೊಕ್ಕೆಗೆ ನೇತುಹಾಕಿ ನಗುತ್ತಿದ್ದಳು.

"ವರ್ನ್, ಕಂಕುಳ ಹತ್ರ ಹೊಲಿಗೆ ಬಿಟ್ಟಿದೆ, ಒಂಚೂರು ನೋಡ್ತೀರಾ? ನೀವಿಲ್ದೇ ಹೋಗಿದ್ರೆ ಈ ಕರಡಿ ಯಾವತ್ತೋ ಬೆತ್ತಲೆ ನಿಲ್ತಿತ್ತು."

"ಇಟ್ಟು ಹೋಗಮ್ಮ."

"ಅಲ್ಲ, ನಂಗಿಂತ ಮುಂಚೆ ಇದ್ರೊಳಗೆ ಯಾರಿದ್ರು? ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾರೆ."

"ಯಾರೋ ಇದ್ದ. ಹೇಳ್ಕೊಳ್ಳೋವಂಥವನೇನಲ್ಲ," ಎಂದ ವರ್ನ್. ಸೂಜಿ ಬೆರಳಿಗೆ ಚುಚ್ಚಿತು.

ಆ ಮಾತೇ ಅವನಿಗೆ ದಾರಿ ತೋರಿಸಿತು. ಕರಡಿಯ ಒಳಗೆ ಅವಳಿದ್ದಾಳೆಂದು ಊರಿಗೆಲ್ಲ ಗೊತ್ತು. ಅವನಿದ್ದನೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ. ಹಾಗಾದರೆ ಕರಡಿ ಏನು ಮಾಡಿದರೂ ಮಾಡಿದ್ದು ಅವಳೇ. ಫಲಕದ ಮೇಲೆ ಅವಳೇ ಬರೆದುಕೊಟ್ಟಿದ್ದಾಳಲ್ಲ! ಯೋಚನೆ ಹೊಳೆದ ಕ್ಷಣ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂದರ್ಭವನ್ನು ಕಂಪನಿಯೇ ಒದಗಿಸಿತು. ಪಾರ್ಕಿನ ಪ್ಯಾನ್‌ಕೇಕ್ ಅಡುಗೆಮನೆಯನ್ನು ಮುಚ್ಚಿ ಆ ಜಾಗದಲ್ಲಿ ಸೊಪ್ಪು ಕಾಳುಗಳ ಬಟ್ಟಲು ಮಾರುವ ಅಂಗಡಿ ತೆರೆಯುತ್ತಿದ್ದರು. ಶನಿವಾರ ಮಧ್ಯಾಹ್ನ, ಹೊಳೆಯ ಮೇಲಿನ ಪುಟ್ಟ ಸೇತುವೆಯ ಮೇಲೆ ನಿಂತು ಶಿಕಾಗೋದವರ ಪ್ರತಿನಿಧಿ ಟ್ರೆಂಟ್ ಆಲ್ಡರ್‌ಸನ್ ಭಾಷಣ ಮಾಡಲಿದ್ದ. ಅದು ಕರಡಿಯ ವಿಶ್ರಾಂತಿಯ ಹೊತ್ತು. ಆಗ ತಲಿಯಾ ಹಿಂದಿನ ಕ್ಯಾಬಿನ್ನಿನಲ್ಲಿ ಫ್ಯಾನು ಹಾಕಿಕೊಂಡು, ಕಿವಿಗೆ ಹಾಡು ತುರುಕಿಕೊಂಡು, ಹೆಣದಂತೆ ಮಲಗುತ್ತಾಳೆ. ಕರಡಿಯ ಕೈ ಹಿಡಿದು ಜನರ ನಡುವೆ ನಡೆಸುವ ಗಸ್, ಅಂಚೆಯಿಂದ ನಿವೃತ್ತನಾಗಿ ಈಚೆಗೆ ಸೇರಿದವನು, ಆಗ ಊಟಕ್ಕೆ ಕೂರುತ್ತಾನೆ. ಕರಡಿ ಮಾತ್ರ ಹೊಲಿಗೆ ಕೋಣೆಯಲ್ಲಿ ಒಣಗುತ್ತಿರುತ್ತದೆ.

ವರ್ನ್ ಅವಸರ ಪಡಲಿಲ್ಲ. ಟ್ರೆಂಟನನ್ನು ಹೊಳೆಗೆ ತಳ್ಳಬೇಕು, ಅಷ್ಟೇ ಕೆಲಸ. ನೀರು ಮೊಣಕಾಲುದ್ದ, ತಳದಲ್ಲಿ ರಬ್ಬರು, ಮೂಳೆ ಮುರಿಯುವ ಭಯವಿಲ್ಲ. ಕೊಲೆಗಾರನಾಗುವ ಆಸೆ ಅವನಿಗಿರಲಿಲ್ಲ, ಅವಳ ಕೆಲಸ ಹೋದರೆ ಸಾಕಿತ್ತು. ಅವಳು ಅವನಿಗಿಂತ ತುಸು ಎತ್ತರ, ಅದಕ್ಕೆ ಪಾದದೊಳಗೆ ಸ್ಪಂಜು ಕತ್ತರಿಸಿಟ್ಟ. ಅವಳ ನಡಿಗೆ ಪುಟಿಯುವ ನಡಿಗೆ. ಮನೆಯ ಕಾರ್ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು, ಮಂಡಿಗೆ ಪಟ್ಟಿ ಬಿಗಿದು ಅದನ್ನು ಕಲಿತ. ಅವಳು ಸೊಂಟ ತಿರುಗಿಸಿ ಎರಡೂ ಕೈ ಮೇಲೆತ್ತುವ ಕುಣಿತವನ್ನೂ ಕಲಿತ. ಚೆನ್ನಾಗಿ ಕುಣಿಯುತ್ತಾಳೆ ದರಿದ್ರದವಳು ಎಂದು ಒಪ್ಪಿಕೊಳ್ಳುವಾಗ ಹಲ್ಲು ಕಡಿದ. ಕರಡಿಯ ಒಳಗೆ ಅವಳದೇ ಬೆವರು, ಅವಳದೇ ಕೂದಲು ಇರುತ್ತದೆ. ಯಾರಾದರೂ ಕೇಳಿದರೆ, ಬಂದು ತಗೊಂಡು ಹೋದಳು, ಏನೋ ಕಾರ್ಯಕ್ರಮ ಇರಬೇಕು ಅಂದುಕೊಂಡೆ ಎಂದರಾಯಿತು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಅದರೊಂದಿಗೆ ವಿಮೆ, ವಿಮೆಯೊಂದಿಗೆ ಮಂಡಿಯ ಶಸ್ತ್ರಚಿಕಿತ್ಸೆ. ಆದರೆ ಸಿಕ್ಕಿಬೀಳುವುದು ಹೇಗೆ? ಇಲ್ಲದವನನ್ನು ಹಿಡಿಯುವವರು ಯಾರು?

ಶನಿವಾರ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ತೆಳು ಬನಿಯನ್ ತೊಟ್ಟು ವರ್ನ್ ಕರಡಿಯ ಒಳಗೆ ಇಳಿದ. ತಲೆ ಇಟ್ಟುಕೊಂಡ ಕೂಡಲೇ ಕರಡಿಯ ಬಾಯಿಯ ಜಾಲರಿಯಿಂದ ಹಳೆಯ ಜಗತ್ತು ಕಂಡಿತು, ಅವನ ಎದೆ ಒಮ್ಮೆ ತುಂಬಿ ಬಂತು. ಅದನ್ನು ನುಂಗಿಕೊಂಡು ಹಿತ್ತಲ ಬಾಗಿಲಿನಿಂದ ಪುಟಿಯುತ್ತ ಹೊರಬಿದ್ದ.

"ತಲಿಯಾ! ತಲಿಯಾ!" ಎಂದು ಜನ ಕೂಗಿದರು. ಕರಡಿಯನ್ನು ಕರಡಿಯ ಹೆಸರಿಟ್ಟು ಕರೆಯುವ ಮರ್ಯಾದೆಯೂ ಉಳಿದಿಲ್ಲವೇ ಎಂದುಕೊಂಡ. ಸೊಂಟ ತಿರುಗಿಸಿದ, ಕೈ ಎತ್ತಿದ, ಫೋನುಗಳು ಮೇಲೆದ್ದವು. ಸೇತುವೆಯ ಬುಡದಲ್ಲಿ ಒಬ್ಬ ಚಿಕ್ಕ ಹುಡುಗ ಅಡ್ಡ ಬಂದು ಅವನ ಕಾಲು ತಬ್ಬಿಕೊಂಡ. ವರ್ನ್ ಕೂತು ಅವನನ್ನು ತೋಳಲ್ಲಿ ತೆಗೆದುಕೊಂಡ. ಹುಡುಗ ಬೇಗ ಬಿಡಲಿಲ್ಲ. ಮೇಲೆ ಟ್ರೆಂಟ್ ಭಾಷಣ ಮುಗಿಸುವ ಹಂತಕ್ಕೆ ಬಂದಿದ್ದ, ವರ್ನ್‌ನ ಗಮನವೆಲ್ಲ ಆ ಧ್ವನಿಯ ಮೇಲಿತ್ತು. ಕೊನೆಗೆ ಹುಡುಗ ಕೈ ಸಡಿಲಿಸಿ ಓಡಿದ. ವರ್ನ್ ಎದ್ದು ಸೇತುವೆ ಹತ್ತಿದ.

"...ಹಳೇ ಡೂಲಿ ಜನರಿಗೆ ಸಕ್ಕರೆ ತಿನ್ನಿಸಿದ. ಹೊಸ ಡೂಲಿ ಆರೋಗ್ಯ ಕೊಡ್ತಾನೆ," ಎನ್ನುತ್ತಿದ್ದ ಟ್ರೆಂಟ್. ಕರಡಿಯನ್ನು ಕಂಡು, "ಅರೆ, ಬಂದೇ ಬಿಟ್ಳು ನೋಡಿ ನಮ್ಮ ಹುಡುಗಿ!" ಎಂದು ತೋಳು ಚಾಚಿದ. ವರ್ನ್ ಎರಡೂ ಅಂಗೈ ಅವನ ಎದೆಗಿಟ್ಟು, ಒಂದೇ ಸಲಕ್ಕೆ, ಸಲೀಸಾಗಿ ತಳ್ಳಿದ. ಕೈಯಲ್ಲಿ ಹಿಡಿದಿದ್ದ ಸೊಪ್ಪಿನ ಬಟ್ಟಲು ಸಮೇತ ಟ್ರೆಂಟ್ ಕಂದು ನೀರಿಗೆ ಬಿದ್ದ. ಕಾಳು, ಸೊಪ್ಪು ತೇಲಿದವು. ಕರಡಿ ಸೊಂಟ ತಿರುಗಿಸಿ ಕೈ ಎತ್ತಿ, ಗದ್ದಲದ ನಡುವೆ ಪುಟಿಯುತ್ತ ಮರೆಯಾಯಿತು.

ಟ್ರೆಂಟ್ ಹೊಲಿಗೆ ಕೋಣೆಯ ಬಾಗಿಲು ಒದ್ದು ಬರುವ ಹೊತ್ತಿಗೆ ಕರಡಿ ಕೊಕ್ಕೆಯಲ್ಲಿತ್ತು, ವರ್ನ್ ಒಣ ಅಂಗಿ ತೊಟ್ಟು ಗುಂಡಿ ಹೊಲಿಯುತ್ತಿದ್ದ.

"ಎಲ್ಲಿ ಅವ್ಳು? ಪೊಲೀಸರಿಗೆ ಕೊಡ್ತೀನಿ. ಈ ಪ್ಯಾಂಟ್ ಬೇಗ ಒಣಗಿಸಯ್ಯ!"

ಕರಡಿಯ ಚಿತ್ರದ ಚಡ್ಡಿಯೊಂದನ್ನು ಅಂಗಡಿಯಿಂದ ತಂದು ಹಾಕಿಕೊಂಡು ಅವನು ಕೂತ. ಗಸ್ ಹೋಗಿ, ಕಣ್ಣುಜ್ಜಿಕೊಳ್ಳುತ್ತಿದ್ದ ತಲಿಯಾಳನ್ನು ಎಬ್ಬಿಸಿಕೊಂಡು ಬಂದ. ವರ್ನ್ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟ. ಅವಳು ಅಳುವುದನ್ನು ನೋಡಲು ಅವನ ಜೀವ ತುದಿಗಾಲಲ್ಲಿ ನಿಂತಿತ್ತು.

"ಟ್ರೆಂಟ್, ನಾನಲ್ಲ. ನನ್ನಾಣೆ. ನಾನು ಮಲಗಿದ್ದೆ."

"ನೀನಲ್ದೇ ನಿಮ್ಮಜ್ಜಿನಾ?" ಎಂದು ಟ್ರೆಂಟ್ ಎದ್ದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಶಿಕಾಗೋ. ಮೊದಲು ಅವನ ಮುಖ ಸಣ್ಣದಾಯಿತು, ಆಮೇಲೆ ನಿಧಾನವಾಗಿ ಅರಳಿತು. "ಹೌದಾ? ಅಷ್ಟು ಜನ ನೋಡಿದ್ರಾ? ... ನಗ್ತಿದಾರಾ? ... ಹಾಂ ಹಾಂ, ನಮ್ದೇ ಐಡಿಯಾ ಅದು!" ಫೋನಿಟ್ಟು ತಲಿಯಾಳ ಬೆನ್ನು ತಟ್ಟಿದ. "ಊರೆಲ್ಲ ಅದೇ ವಿಡಿಯೋನಂತೆ! ಹತ್ತು ವರ್ಷದಲ್ಲಿ ಡೂಲಿ ಹೆಸರು ಯಾರೂ ಇಷ್ಟು ಎತ್ತಿರ್ಲಿಲ್ಲಂತೆ. ಇನ್ಮೇಲೆ ಶನಿವಾರ ಶನಿವಾರ ಒಬ್ರನ್ನ ತಳ್ಬೇಕು ನೀನು. ಸಂಬಳ ಜಾಸ್ತಿ ಮಾಡ್ತಾರೆ."

"ಅಯ್ಯೋ, ನಾನಲ್ಲ ಅಂತೀನಿ!"

"ಹೀಗೇ ಹೇಳ್ತಿರು, ಮಜಾ ಇರತ್ತೆ. ಎಂಥ ಕುಣಿತ ಮಾರಾಯ್ತಿ! ಆ ಸೊಂಟ ತಿರುಗ್ಸೋದಿದ್ಯಲ್ಲ, ಅದು ನಿಂಗೊಬ್ಬಳಿಗೇ ಬರೋದು."

ವರ್ನ್ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕರಡಿಯಾಗಿದ್ದು ಇದೇ ಮೊದಲು, ಅದೂ ಅವಳ ಖಾತೆಗೆ ಜಮೆಯಾಗಿತ್ತು. ಅವಳನ್ನು ಹಾಳು ಮಾಡಲು ಹೋಗಿ ತನ್ನ ಕೈಯಾರೆ ಅವಳನ್ನು ಇನ್ನೂ ಎತ್ತರಕ್ಕೆ ಹತ್ತಿಸಿದ್ದ. ನಾನು ಮಾಡಿದ ಅಪರಾಧವನ್ನೂ ನೀನೇ ತಗೋ ತಾಯಿ ಎಂದುಕೊಂಡ, ಅವನಿಗೆ ಅಳುವೇ ಬಂದಿತು. ಒಂದೇ ಸಮಾಧಾನವೆಂದರೆ, ಯಾರಿಗೂ ಗೊತ್ತಾಗಲಿಲ್ಲ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಅವಳ ಕೈ ಹಿಡಿದು, ಸೇತುವೆಯ ಬುಡದಲ್ಲಿ ಕರಡಿಯನ್ನು ತಬ್ಬಿದ್ದ ಆ ಚಿಕ್ಕ ಹುಡುಗ. "ಒಳಗೆ ಬರಬಾರ್ದು ಅಂತ ಗೊತ್ತು. ಕರಡಿ ಒಳಗಿದ್ದವ್ರನ್ನ ಒಂದ್ಸಲ ನೋಡ್ಬೇಕಿತ್ತು," ಎಂದಳು.

"ಇವಳೇ ಅಲ್ವಾ, ತಲಿಯಾ! ಫೋಟೋ ತಗೊಳಿ," ಎಂದ ಟ್ರೆಂಟ್.

ಹೆಂಗಸು ತಲಿಯಾಳನ್ನು ನೋಡಿ ಇಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿದಳು. "ಇವರಲ್ಲ. ಹೋದ ತಿಂಗ್ಳೂ ಬಂದಿದ್ವಿ. ಇವರು ಒಂದು, ಎರಡು, ಮೂರು ಅಂತ ಎಣಿಸ್ದಂಗೆ ಅಪ್ಪಿ ಬಿಟ್ಬಿಡ್ತಾರೆ."

"ಅದು ನಮ್ಗೆ ರೂಲು ಕಣ್ರೀ," ಎಂದಳು ತಲಿಯಾ. "ಮೂರು ಎಣಿಸೋದ್ರೊಳಗೆ ಬಿಡ್ಲೇಬೇಕು. ವಿಮೆಯವರ ಕಾಟ."

"ಇವತ್ತಿನವರು ಬಿಡ್ಲಿಲ್ಲ. ಇವನು ಬಿಡೋವರೆಗೂ ಕೂತೇ ಇದ್ರು, ಬೆನ್ನ ಮೇಲೆ ಎರಡು ಬೆರಳಲ್ಲಿ ತಟ್ತಾ ಇದ್ರು. ಇವನಪ್ಪ ಹೋದ್ಮೇಲೆ ಇವನು ಯಾರ ಹತ್ರಾನೂ ಹೋಗಿರ್ಲಿಲ್ಲ." ಅವಳು ಹುಡುಗನ ತಲೆ ಸವರಿದಳು. "ನಾನು ಇವನಷ್ಟಿದ್ದಾಗ ನಮ್ಮಮ್ಮನ್ನ ಮಣ್ಣು ಮಾಡಿ, ಏನ್ ಮಾಡ್ಬೇಕು ಗೊತ್ತಾಗ್ದೆ ನಮ್ಮಪ್ಪ ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ರು. ಅವತ್ತೂ ಡೂಲಿ ನನ್ನ ಬಿಡ್ಲಿಲ್ಲ. ಬೆನ್ನ ಮೇಲೆ ಅದೇ ಎರಡು ಬೆರಳು. ಅದನ್ನ ನಾನು ಮರೀತೀನಾ?"

ನಡಿಗೆ, ಎತ್ತರ, ಕುಣಿತ, ಬೆವರು ಎಲ್ಲವನ್ನೂ ವರ್ನ್ ಲೆಕ್ಕ ಹಾಕಿದ್ದ. ಅಪ್ಪುಗೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಅದು ಕಲಿಯಬೇಕಾದ ಸಂಗತಿ ಎಂದೇ ಅವನಿಗೆ ತೋಚಿರಲಿಲ್ಲ. ಹೆಂಗಸು ಈಗ ಟ್ರೆಂಟನನ್ನೂ ಗಸ್‌ನನ್ನೂ ದಾಟಿ ಇಸ್ತ್ರಿ ಮೇಜಿನ ಹಿಂದೆ ಎರಡು ಬೆರಳಲ್ಲಿ ಪ್ಯಾಂಟು ತಟ್ಟುತ್ತ ನಿಂತ ಮುದುಕನನ್ನು ನೋಡುತ್ತಿದ್ದಳು. "ನೀವೇ ಅಲ್ವಾ?" ಎಂದಳು. ಇಲ್ಲಮ್ಮ, ನಾನು ಹೊಲಿಯುವವನು ಎಂದರೆ ಮುಗಿಯುತ್ತಿತ್ತು. ಕೆಲಸ, ವಿಮೆ, ಮಂಡಿ ಎಲ್ಲ ಆ ಒಂದು ಮಾತಿನಲ್ಲಿ ಉಳಿಯುತ್ತಿದ್ದವು. ನಿಜ ಹೇಳಬೇಕೆಂದರೆ ಅವಳು ಅವನಿಗೆ ನೆನಪೂ ಇರಲಿಲ್ಲ, ಅಂಥ ಮಕ್ಕಳು ಅದೆಷ್ಟೋ. ಆದರೆ ಈ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಲಿ ಎಂದು ಅವನು ಒಂದು ಆಯುಷ್ಯವೇ ಕಾದಿದ್ದ. "ಹೌದಮ್ಮ, ನಾನೇ," ಎಂದ ವರ್ನ್, ಮುಖವೆಲ್ಲ ನಗುವಾಗಿ. ಕರಡಿಯ ಚಡ್ಡಿ ತೊಟ್ಟ ಟ್ರೆಂಟ್ ಕುರ್ಚಿಯಿಂದ ನಿಧಾನವಾಗಿ ಎದ್ದು, ಪೊಲೀಸರಿಗೆ ಫೋನು ಮಾಡುವಂತೆ ಗಸ್‌ಗೆ ಹೇಳಿದ.