ಮಾಸ್ತರರ ಮೇಲೆ ಹತ್ತೊಂಬತ್ತು ತಕರಾರು

ಸೂಕ್ಷ್ಮದರ್ಶಕ ತೋರಿಸುವುದು ಲಕ್ಕಪ್ಪ ಮಾಸ್ತರನಿಗೆ ಕಷ್ಟವಾಗಲಿಲ್ಲ. ನೋಡಿದ ಜನ ಏನೆಂದರು ಎಂದು ವರದಿ ಬರೆಯುವುದೇ ಕಷ್ಟವಾಯಿತು.

1938ರ ಚಳಿಗಾಲ. ಮೂಡಲಗಿಯ ಶಾಲೆಯಲ್ಲಿ ಮೂರು ದಿನ, ಕೆರೆನೀರಿನ ಹನಿಯೊಳಗೆ ಈಜಾಡುವ ಜೀವಿಗಳನ್ನು ಊರವರಿಗೆಲ್ಲ ತೋರಿಸಿ ವಿವರಿಸಿದ್ದ. ಈಗ ಜನರ ಅಭಿಪ್ರಾಯಗಳನ್ನು ತೂಗಿ ನೋಡಿ ಬೆಳಗಾವಿಯ ಶಿಕ್ಷಣ ಇಲಾಖೆಯ ಸಾಹೇಬರಿಗೆ ಕಳಿಸಬೇಕು. ವರದಿ ಒಪ್ಪಿಗೆಯಾದರೆ ಸೂಕ್ಷ್ಮದರ್ಶಕ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಅದೂ ಮಾಸ್ತರನೂ ಒಟ್ಟಿಗೇ ವಾಪಸು.

ಗಂಡಸರ ಮಾತುಗಳನ್ನು ಚೀಟಿಗಳಲ್ಲಿ ಅವನೇ ಬರೆದುಕೊಂಡಿದ್ದ; ಹೆಂಗಸರದನ್ನು ಬರೆದುಕೊಂಡವಳು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಚನ್ನವ್ವ. ಊರಿಗೆಲ್ಲ ಅವಳು 'ಬಾಯಾರು'. ಶಾಲೆ ಬಿಟ್ಟ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು ಚೀಟಿ ಬಿಡಿಸತೊಡಗಿದರು.

ಲಕ್ಕಪ್ಪ ಮೊದಲು ರೈತ ಯಲ್ಲಪ್ಪನ ಚೀಟಿ ಓದಿದ: "'ನನಗ ನನ್ನ ರೆಪ್ಪಿಕೂದಲಾ ಬಿಟ್ಟು ಏನೂ ಕಾಣಲಿಲ್ಲ. ಹಿಂದ ಮಂದಿ ನಿಂತಿದ್ರು, ಅದಕ್ಕ ಆಹಾ ಅಂದೆ.' ಇದನ್ನ ಎಲ್ಲಿ ಇಡೂದ್ರಿ?"

"ಖರೆ ಹೇಳ್ಯಾರಲ್ರಿ. ಮ್ಯಾಲ ಇಡ್ರಿ."

ಮುಂದಿನದು ಮುದುಕಿ ಉದ್ದವ್ವನದು: 'ಅರವತ್ತು ವರ್ಷ ಇದ ನೀರು ಕುಡದೇನಿ. ಆ ಹುಳಾ ನನಗೇನೂ ಮಾಡಿಲ್ಲ. ಅವನ್ನ ಗಾಜಿನ್ಯಾಗ ಹಾಕಿ ಕಾಡಬ್ಯಾಡ್ರಿ.'

ಚನ್ನವ್ವ ಸೆರಗು ಬಾಯಿಗೊತ್ತಿ ನಕ್ಕಳು. ಕೆನ್ನೆಯಲ್ಲೊಂದು ಗುಳಿ ಮೂಡಿ ಮಾಯವಾಯಿತು. ಅದು ಮತ್ತೆ ಮೂಡಲೆಂದು ಕಾಯುತ್ತ ಕೂತವನ ಲೇಖನಿಯಿಂದ ಶಾಯಿ ಧೋತರದ ಮೇಲೆ ಸುರಿಯಿತು.

ಅವಸರದಲ್ಲಿ ದುಂಡವ್ವನ ಚೀಟಿ ಎತ್ತಿಕೊಂಡ. "'ಮಾಸ್ತರ ಚಲೋ ಹೇಳ್ತಾರ. ಆದರ...'" ಕೆಮ್ಮು ಬಂತು.

"ಮುಂದ ಓದ್ರಿ," ಎಂದಳು ಚನ್ನವ್ವ, ಹೊಸಿಲು ನೋಡುತ್ತ.

"'...ಆದರ ಬರೇ ಬಾಯಾರ ಮಾರಿ ನೋಡಿ ಹೇಳ್ತಾರ. ನಾವೂ ಬಂದಿದ್ವಿ.'"

ಇನ್ನೊಂದು ತೆಗೆದ. ಅದೇ ತಕರಾರು. ಮತ್ತೊಂದರಲ್ಲೂ ಅದೇ. ಒಟ್ಟು ಹತ್ತೊಂಬತ್ತು.

"ಇಷ್ಟೂ ಮಂದಿ ಹಿಂಗ ಅಂದ್ರೇನ್ರಿ?"

"ಅಂದದ್ದನ್ನ ಬರದೇನ್ರಿ. ನಾ ಏನೂ ಕೂಡಿಸಿಲ್ಲ."

ಆ ಚೀಟಿಗಳನ್ನು ಹರಿದು ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಾಹೇಬರ ಕಣ್ಣಿಗೆ ಬಿದ್ದರೆ ವರ್ಗಾವಣೆಯೇ ಗತಿ. ಆದರೂ ಲಕ್ಕಪ್ಪ ಹತ್ತೊಂಬತ್ತನ್ನೂ ಒಂದೆಡೆ ಜೋಡಿಸಿಟ್ಟ. ಆಮೇಲೆ ಬರೆದ: 'ವಿವರಿಸುವವನ ದೋಷ: ಒಬ್ಬರನ್ನೇ ನೋಡಿ ಮಾತಾಡುವುದು. ತಕರಾರು ಹತ್ತೊಂಬತ್ತು. ಇದು ನಿಜ.'

ಅವಳು ಬಗ್ಗಿ ಓದಿದಳು. "ಇದು ನಿಜ ಅಂತ ಸಾಹೇಬ್ರು ಬರೀ ಅಂದಿದ್ರೇನ್ರಿ?"

"ಇಲ್ರಿ. ಅದು ನಿಮಗಂತ ಬರದದ್ದು."

ಚನ್ನವ್ವನ ಕಿವಿ ಕೆಂಪಾಯಿತು. ಖಾಲಿ ಚೀಟಿಯೊಂದನ್ನು ಎಳೆದುಕೊಂಡು ಗೀಚಿ, ಅವನ ಮುಂದೆ ತಳ್ಳಿ, ತಿರುಗಿ ನೋಡದೆ ಹೊರಟಳು. 'ನನ್ನದೇನೂ ತಕರಾರಿಲ್ಲ. ಸುಗ್ಗಿ ಮುಗದ ಮ್ಯಾಲ ಮಸಗುಪ್ಪಿಗಿ ಬಂದು ನಮ್ಮಣ್ಣನ್ನ ಕೇಳ್ರಿ.'

ಸುಗ್ಗಿಗೆ ಮೊದಲೇ ಬೆಳಗಾವಿಯಿಂದ ಉತ್ತರ ಬಂತು. ಎಲ್ಲ ಊರುಗಳಿಂದ ಬಂದ ವರದಿಗಳಲ್ಲಿ ನಂಬುವಂತಿದ್ದದ್ದು ಇದೊಂದೇ, ಸೂಕ್ಷ್ಮದರ್ಶಕ ಮೂಡಲಗಿಯಲ್ಲೇ ಇರಲಿ, ಎಂದಿದ್ದರು ಸಾಹೇಬರು.

ಮಸಗುಪ್ಪಿಯಲ್ಲಿ ಅವಳ ಅಣ್ಣ ಕೆಂಚಪ್ಪ ಕಂಬಳಿ ಹಾಸಿದ. "ಬರ್ರಿ ಮಾಸ್ತರ. ಏನು ಕೆಲಸ ಬಂತ್ರಿ?"

ಮೂರು ದಿನ ನಿಲ್ಲದೆ ಮಾತಾಡಿದ್ದ ಲಕ್ಕಪ್ಪ ಕಂಬಳಿಯ ಅಂಚು ಹಿಡಿದು ತೊದಲಿದ. "ನಿಮ್ಮ... ನಿಮ್ಮ ಬಾವಿ ನೀರು..."

"ನೀರಿಗೇನಾಗೇತ್ರಿ?" ಕೆಂಚಪ್ಪ ಗಾಬರಿಯಾಗಿ ಎದ್ದೇ ನಿಂತ.

ಅಡುಗೆಮನೆಯ ಬಾಗಿಲಿಂದ ಚನ್ನವ್ವನ ದನಿ ಬಂತು. "ನೀರಿಗೇನೂ ಆಗಿಲ್ಲಣ್ಣ, ಕೂಡು. ಅವರು ನನ್ನ ಕೇಳಾಕ ಬಂದಾರ. ನಾ ಹೂಂ ಅಂದೇನಿ."