ಕೊನೆಯ ಪುಟದ ಅಂಚಿನಲ್ಲಿ

"ಜೋರಾಗಿ ಓದಿ."

"ಏನು?"

"ನೀವು ಬರೆದಿದ್ದನ್ನ ನೀವೇ ಓದಿ ಮೇಡಂ. ನಾನು ಕೇಳಿಸ್ಕೋತೀನಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ಪುಟಗಳ ಅಧ್ಯಾಯವನ್ನು ಎದೆಗವಚಿಕೊಂಡು, ಮೂರು ಮಹಡಿ ಹತ್ತಿ ಬಂದಿದ್ದಳು. ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಬರವಣಿಗೆಯಲ್ಲಿ ನೆರವಾಗುವ ಕೇಂದ್ರ ಅದು. ತಪ್ಪು ತಿದ್ದಿ ಕೊಡುತ್ತಾರೆ ಎಂದುಕೊಂಡು ಬಂದರೆ, ಈ ಮನುಷ್ಯ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದಾನಲ್ಲ!

ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳು ಮುಖ ಗಂಟಿಕ್ಕಿಕೊಂಡೇ ಓದತೊಡಗಿದಳು. ಎರಡನೇ ಪುಟ ಮುಗಿಯುವಷ್ಟರಲ್ಲಿ ಅವನು ಕೈ ಎತ್ತಿದ.

"ಇಷ್ಟು ಹೊತ್ತೂ ಒಂಬತ್ತು ಜನ ವಿದ್ವಾಂಸರು ಮಾತಾಡಿದ್ರು. ನೀವ್ಯಾವಾಗ ಮಾತಾಡ್ತೀರಿ?"

"ನಾನ್ಯಾರು ಮಾತಾಡೋಕೆ?"

"ನಾನೂ ಅದನ್ನೇ ಕೇಳ್ತಿದೀನಿ."

ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಂಚಿನಲ್ಲಿ ಸಣ್ಣಗೆ ಬರೆದ. 'ಇಲ್ಲಿ ನೀವೆಲ್ಲಿದ್ದೀರಿ?'

ಅದು ಆ ಕೇಂದ್ರದ ಕಟ್ಟುನಿಟ್ಟಾದ ನಿಯಮ. ವಿದ್ಯಾರ್ಥಿಯ ಒಂದೇ ಒಂದು ಪದವನ್ನೂ ಸಲಹೆಗಾರ ಬದಲಿಸುವಂತಿಲ್ಲ. ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಪ್ರಶ್ನೆ ಮಾತ್ರ ಬರೆಯಬಹುದು. ಅದಕ್ಕೇ ಹುಡುಗರೆಲ್ಲ ಅವನಿಗೆ 'ಪೆನ್ಸಿಲ್ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು.

'ಇನ್ನೊಂದು ಸಲ ಈ ಮೆಟ್ಟಿಲು ಹತ್ತಿದರೆ ಕೇಳು!' ಎಂದು ಗೊಣಗಿಕೊಂಡು ಇಳಿದುಹೋದಳು. ನಾಲ್ಕನೇ ದಿನಕ್ಕೆ ಮತ್ತೆ ಹತ್ತಿದಳು.

ಹತ್ತದೆ ಏನು ಮಾಡಿಯಾಳು? ಮನೆಯಲ್ಲಿ ಅಮ್ಮ ಇದ್ದಳು. ಮೂವತ್ತು ವರ್ಷ ಬೇರೆಯವರ ಥೀಸಿಸ್‌ಗಳನ್ನು ಟೈಪ್ ಮಾಡಿದವಳು. ಯಾವ ಪುಸ್ತಕದಲ್ಲೂ ಅವಳ ಹೆಸರಿಲ್ಲ. ಮಗಳು ಸಂಶೋಧನೆಗೆ ಆರಿಸಿಕೊಂಡದ್ದೂ ಅಂಥ ಟೈಪಿಸ್ಟ್ ಹೆಂಗಸರ ಬದುಕನ್ನೇ. ಈಗ ಅಮ್ಮನ ಕಣ್ಣಿನ ನರ ಸೊರಗುತ್ತಿತ್ತು. "ಇನ್ನೊಂದು ವರ್ಷ ಅಕ್ಷರ ಕಾಣಬಹುದು. ಅದರ ಮೇಲೆ ನಾನು ಹೇಳಲಾರೆ" ಎಂದಿದ್ದರು ಕಣ್ಣಿನ ಡಾಕ್ಟರು.

"ನಿನ್ನದೊಂದನ್ನ ನನ್ನ ಕಣ್ಣಾರೆ ಓದಿಬಿಡ್ತೀನಿ ಪುಟ್ಟಿ. ಕರಡು ಬೇಡ, ನಿನ್ನ ಹೆಸರು ಒತ್ತಿ ಬೈಂಡಾದದ್ದೇ ಬೇಕು. ಆಮೇಲೆ ಕಣ್ಣು ಹೋದ್ರೂ ಹೋಗ್ಲಿ" ಎನ್ನುತ್ತಿದ್ದಳು ಅಮ್ಮ.

ಮಂಗಳವಾರ, ಶುಕ್ರವಾರ... ಅವಳು ಓದುವಳು, ಅವನು ಕಣ್ಣು ಮುಚ್ಚಿ ಕೇಳುವನು. ಅವಳಿಗೆ ಉಸಿರು ಕಟ್ಟಿದ ಕಡೆ ಅವನ ಹುಬ್ಬು ಮೇಲೇರುತ್ತಿತ್ತು. ಆ ವಾಕ್ಯವನ್ನು ಅವಳೇ ಮುರಿದು ಕಟ್ಟುತ್ತಿದ್ದಳು. ಒಂದು ಶುಕ್ರವಾರ, ಅಮ್ಮ ಇಡೀ ದಿನ ಟೈಪ್ ಮಾಡಿ ಸಂಜೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂರುತ್ತಿದ್ದುದನ್ನು ಬರೆದು ತಂದು ಓದಿದಳು. ಅವನು ಕಣ್ಣು ತೆರೆಯಲೇ ಇಲ್ಲ.

"ಯಾಕೆ, ನಿದ್ದೆ ಬಂತಾ?"

"ಇಲ್ಲ... ಇವತ್ತು ನೀವು ಮಾತಾಡಿದ್ರಿ."

ಅಂದು ಮೆಟ್ಟಿಲಿಳಿಯುವಾಗ ಕಾಲು ನೆಲದ ಮೇಲಿರಲಿಲ್ಲ. 'ಅಯ್ಯೋ, ಇದೇನಾಗ್ತಿದೆ ನನಗೆ!' ಎಂದು ಕೇಳಿಕೊಂಡಳು. ಏನಾಗುತ್ತಿದೆಯೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಅವನಿಗೂ ಅದೇ ಆಗಿತ್ತು. ಆದರೆ ಹೇಳುವ ಧೈರ್ಯ ಬೇಕಲ್ಲ!

ಪೂರ್ತಿ ಕರಡು ಸಿದ್ಧವಾದ ದಿನ ಅವಳು ಓಡುತ್ತಾ ಬಂದಳು. "ಒಂದ್ಸಲ ಚೆಕ್ ಮಾಡಿಕೊಡ್ತೀರಾ? ಮಧ್ಯಾಹ್ನ ಅಮ್ಮನನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಬೇಕು."

ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟು ನನಗೇನಾಗಬೇಕಿದೆ? ಬೇರೆಯವರ ಬರಹವನ್ನು ಕದ್ದಿದ್ದಾರೆಯೇ ಎಂದು ನೋಡುವ ಸಾಫ್ಟ್‌ವೇರ್ ಒಂದಿದೆ. ಕರಡನ್ನು ಅದಕ್ಕೆ ಹಾಕುವಾಗ 'ಸಂಗ್ರಹದಲ್ಲಿ ಉಳಿಸಬೇಡ' ಎನ್ನುವ ಪುಟ್ಟ ಚೌಕಕ್ಕೆ ಟಿಕ್ ಹಾಕಬೇಕು. ಹಾಕದಿದ್ದರೆ ಕರಡು ಅಲ್ಲೇ ಉಳಿಯುತ್ತದೆ. ನಾಳೆ ಅದೇ ಬರಹ ಮತ್ತೆ ಬಂದರೆ, ಇದು ಕದ್ದ ಮಾಲು ಎಂದು ಯಂತ್ರ ಕೂಗುತ್ತದೆ. ನೂರಾರು ಸಲ ಟಿಕ್ ಹಾಕಿದ್ದ ಆ ಮನುಷ್ಯ ಅಂದು ಅವಳ ಅವಸರ ನೋಡಿ, ಅವಳ ಮುಖ ನೋಡಿ, ಮರೆತ.

"ಎಲ್ಲಾ ಸರಿಯಿದೆ" ಎಂದು ಮುದ್ರಿತ ಪ್ರತಿಯನ್ನು ಕೈಗಿತ್ತ. ಆಕರಗಳ ಪಟ್ಟಿ ಮುಗಿಯುವ ಕೊನೆಯ ಪುಟದ ಅಂಚಿನಲ್ಲಿ ಅವನು ಏನೋ ಬರೆದಿದ್ದ. ಆ ಪುಟ ಯಾರು ತಿರುವುತ್ತಾರೆ? ಅವಳೂ ತಿರುವಲಿಲ್ಲ.

ಥೀಸಿಸ್ ಸಲ್ಲಿಸಿದ ಹದಿನೈದನೇ ದಿನಕ್ಕೆ ಗೈಡ್ ಮೇಡಂ ಅವಳನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು. ತೊಂಬತ್ತನಾಲ್ಕು ಪ್ರತಿಶತ ಹೋಲಿಕೆ.

"ಇದೇ ಥೀಸಿಸ್ ಮೊದಲೇ ಸಂಗ್ರಹದಲ್ಲಿದೆ. ಯಾರು ಹಾಕಿದ್ದು ಅಂತ ಇದರಲ್ಲಿ ತೋರಿಸ್ತಿಲ್ಲ. ವಿಚಾರಣಾ ಸಮಿತಿಗೆ ಇವತ್ತೇ ದೂರು ಹೋಗುತ್ತೆ. ನೀನು ಯಾರಿಗೆ ಕೊಟ್ಟಿದ್ದೆ?"

ಪೂರ್ತಿ ಪ್ರತಿಯನ್ನು ಅವಳು ಕೊಟ್ಟದ್ದು ಒಬ್ಬನಿಗೆ ಮಾತ್ರ!

ಕೇಂದ್ರದ ಬಾಗಿಲು ಗೋಡೆಗೆ ಬಡಿಯುವಂತೆ ತಳ್ಳಿಕೊಂಡು ಒಳನುಗ್ಗಿದಳು.

"ಯಾರಿಗೆ ಕೊಟ್ರಿ ನನ್ನ ಥೀಸಿಸ್‌ನ?"

"ನಾನಾ? ಯಾರಿಗೂ ಕೊಟ್ಟಿಲ್ಲ... ಏನಾಯ್ತು ಹೇಳಿ?"

"ನಾಟಕ ಆಡಬೇಡಿ! ಕಣ್ಣು ಮುಚ್ಚಿ ಕೇಳ್ತಿದ್ರಲ್ಲ, ಇದಕ್ಕೇನಾ? ನಮ್ಮಮ್ಮನ ಬೆರಳು, ನಮ್ಮಮ್ಮನ ನೋವು... ಅದನ್ನೂ ಬಿಡಲಿಲ್ವಲ್ಲ ನೀವು!"

ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅವಳು ಅಳುತ್ತಾ ಹೊರಟುಹೋದಳು.

ಅವಳ ಮಾತನ್ನೇ ಹಿಡಿದುಕೊಂಡು, ಥೀಸಿಸ್ ತನ್ನ ಕೈಯಿಂದ ಎಲ್ಲಿಗೆ ಹೋಯಿತೆಂದು ಅವನು ಸಂಜೆಯವರೆಗೂ ಕಂಪ್ಯೂಟರಿನಲ್ಲಿ ಹುಡುಕಿದ. ಕೊನೆಗೆ ಆ ಖಾಲಿ ಚೌಕ ಕಣ್ಣಿಗೆ ಬಿತ್ತು. ಮಾರನೆಯ ದಿನ ಬೆಳಿಗ್ಗೆಯೇ ವಿಚಾರಣಾ ಸಮಿತಿಗೆ ತಪ್ಪೊಪ್ಪಿಗೆ ಬರೆದುಕೊಟ್ಟ.

ಸಮಿತಿ ಎಂದ ಮೇಲೆ ಕೇಳಬೇಕೆ! ಅಧ್ಯಕ್ಷರು ಬಂದರೆ ಸದಸ್ಯರಿಲ್ಲ, ಸದಸ್ಯರು ಬಂದರೆ ಕಡತವಿಲ್ಲ. ಅವನನ್ನು ಕೆಲಸದಿಂದ ತೆಗೆಯುವ ವಿಷಯದಲ್ಲಿ ಮಾತ್ರ ಎಲ್ಲಿಲ್ಲದ ಚುರುಕು. ಅವಳಿಗೆ ಯಾರೂ ಏನೂ ತಿಳಿಸಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಹನ್ನೊಂದು ತಿಂಗಳು!

ಅಷ್ಟರಲ್ಲಿ ಅಮ್ಮ ಮೊದಲು ಗಡಿಯಾರದ ಮುಳ್ಳು ಕಳೆದುಕೊಂಡಳು. ಆಮೇಲೆ ಕ್ಯಾಲೆಂಡರಿನ ಅಂಕಿಗಳನ್ನು. ಹತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪತ್ರಿಕೆ ಬಿಡಿಸಿ, ಮಡಿಸಿ, ಪಕ್ಕಕ್ಕಿಟ್ಟು, "ಇವತ್ತು ಶಾಯಿ ಸರಿಯಾಗಿ ಬಿದ್ದಿಲ್ಲ" ಎಂದಳು. ಶಾಯಿ ಚೆನ್ನಾಗಿಯೇ ಬಿದ್ದಿತ್ತು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

'ಒಂದೇ ಒಂದು ಸಲ ಬಂದು ಮುಖ ತೋರಿಸಲಿಲ್ಲವಲ್ಲ... ಇಂಥವನನ್ನಾ ನಾನು ಇಷ್ಟಪಟ್ಟಿದ್ದು!' ಸಿಟ್ಟಿಗಿಂತ ಆ ನಾಚಿಕೆಯೇ ಅವಳನ್ನು ಸುಡುತ್ತಿತ್ತು.

ಕೊನೆಗೆ ಒಂದು ಪುಟದ ಪತ್ರ ಬಂತು. ಸಂಶೋಧಕಿಯ ತಪ್ಪಿಲ್ಲ, ಪದವಿಗೆ ಅಡ್ಡಿಯಿಲ್ಲ. ಕೆಳಗೊಂದು ಸಾಲು: 'ಸಲಹೆಗಾರರು ತಮ್ಮ ಕಣ್ತಪ್ಪನ್ನು ದೂರು ಬಂದ ಮಾರನೆಯ ದಿನವೇ ಲಿಖಿತವಾಗಿ ಒಪ್ಪಿಕೊಂಡಿರುತ್ತಾರೆ.'

ಮಾರನೆಯ ದಿನವೇ!

ಅವಳು ಪೆಟ್ಟಿಗೆಯ ತಳದಲ್ಲಿ ಎಸೆದಿದ್ದ ಹಳೆಯ ಕರಡನ್ನು ಎಳೆದು ತೆಗೆದಳು. ಪುಟ ಪುಟವನ್ನೂ ತಿರುವಿದಳು. ಕೊನೆಯ ಪುಟದ ಅಂಚಿನಲ್ಲಿ ಮಾಸಿದ ಪೆನ್ಸಿಲ್ ಅಕ್ಷರಗಳಿದ್ದವು.

'ಇದೆಲ್ಲ ಮುಗಿದ ಮೇಲೂ ನಿಮ್ಮ ದನಿ ಕೇಳಬೇಕು ಅನಿಸಿದರೆ, ನಾನು ಎಲ್ಲಿಗೆ ಬರಬೇಕು?'

ಕೇಂದ್ರದಲ್ಲಿ ವಿಚಾರಿಸಿದಳು. ಹಿಂದಿನ ಗೇಟಿನ ಬೈಂಡಿಂಗ್ ಅಂಗಡಿಯಲ್ಲಿ ಪ್ರೂಫ್ ನೋಡುತ್ತಾನಂತೆ. ಅಮ್ಮನ ಕೈ ಹಿಡಿದುಕೊಂಡು, ಥೀಸಿಸ್‌ನ ಹಾಳೆಗಳನ್ನೂ ಹಿಡಿದುಕೊಂಡು ಅಲ್ಲಿಗೇ ಹೋದಳು.

ಅವಳನ್ನು ಕಂಡು ಅವನು ಎದ್ದು ನಿಂತ. ಇಳಿದುಹೋಗಿದ್ದ.

"ನಿಮ್ಮ ಹತ್ರ ಮಾತಾಡೋಕೆ ನನಗೆ ಮುಖ ಇಲ್ಲ."

"ವರ್ಷದ ಹಿಂದೆ ಇತ್ತಲ್ಲ! ಆಗ ಒಂದೇ ಒಂದು ಮಾತು ಹೇಳೋಕೆ ಏನಾಗಿತ್ತು?"

"ವಿಚಾರಣೆ ಮುಗಿಯೋವರೆಗೂ ನಿಮ್ಮನ್ನ ನೋಡಬಾರದು ಅಂತ ಸಮಿತಿಯವರು ಬರೆಸಿಕೊಂಡ್ರು. ಮಾತಾಡಿದ್ರೆ, ಇಬ್ರೂ ಸೇರಿ ಕಥೆ ಕಟ್ಟಿದಾರೆ ಅಂತ ನಿಮ್ಮ ಥೀಸಿಸ್‌ನೇ ರದ್ದು ಮಾಡ್ತೀವಿ ಅಂದ್ರು. ಎರಡು ಸಲ ನಿಮ್ಮ ಬೀದಿ ತಿರುವಿನವರೆಗೂ ಬಂದು ವಾಪಸ್ ಹೋದೆ."

"ತಿರುವಿನವರೆಗೆ!" ಅವಳ ದನಿ ಒಡೆಯಿತು. "ಅಲ್ಲಿಂದ ನಾಲ್ಕೇ ಮನೆ. ಒಳಗೆ ನಮ್ಮಮ್ಮ ದಿನಕ್ಕಿಷ್ಟು ಅಂತ ಕಣ್ಣು ಕಳ್ಕೊಳ್ತಾ ಕೂತಿದ್ಲು. ಈಗ ಥೀಸಿಸ್ ಇದೆ, ಓದೋಕೆ ಅವಳ ಕಣ್ಣಿಲ್ಲ."

ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ಕ್ಷಮಿಸಿ ಎನ್ನಲಿಲ್ಲ. ಆ ಪದ ಇಲ್ಲಿಗೆ ಸಾಲದೆಂದು ಅವನಿಗೆ ಗೊತ್ತಿತ್ತು.

"ಯಾರು ಪುಟ್ಟಿ, ಪೆನ್ಸಿಲ್ ಮೇಷ್ಟ್ರಾ?" ಬೆಂಚಿನಿಂದ ಅಮ್ಮ ಕೇಳಿದಳು. "ಇಲ್ಲಿ ಬಾಪ್ಪ. ಒಂದ್ಸಲ ನಾನೂ ಯಾರದೋ ಥೀಸಿಸ್‌ನಲ್ಲಿ ಹದಿನೆಂಟು ಪುಟ ಬಿಟ್ಟು ಟೈಪ್ ಮಾಡಿ ಕೊಟ್ಟಿದ್ದೆ. ಪಾಪ, ಆ ಹುಡುಗ ಕೈಬರಹದ ಆ ಹಾಳೆಗಳನ್ನ ಕಳೆದಿದ್ದು ತಾನೇ ಅಂದ್ಕೊಂಡ. ನಾನು ಬಾಯಿ ಬಿಡಲಿಲ್ಲ. ಅವನು ಮತ್ತೆ ಬರಲೇ ಇಲ್ಲ... ನೀನು ಒಪ್ಕೊಂಡೆಯಲ್ಲ, ಅಷ್ಟೇ ಸಾಕು."

ಮಗಳು ಬೆರಗಾಗಿ ಅಮ್ಮನನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಈ ಮಾತು ಮನೆಯಲ್ಲಿ ಬಂದಿರಲಿಲ್ಲ.

ಮೂರು ದಿನ ಕಳೆದ ಮೇಲೆ, ಮಧ್ಯಾಹ್ನ, ಅವನು ಬೈಂಡಾದ ಪ್ರತಿಯನ್ನು ತಾನೇ ಮನೆಗೆ ತಂದ. ಈ ಸಲ ತಿರುವಿನಲ್ಲಿ ನಿಲ್ಲಲಿಲ್ಲ. ಹೊದಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳನ್ನು ಆಳವಾಗಿ ಒತ್ತಿಸಿದ್ದ. ಅಮ್ಮನ ಬೆರಳುಗಳು ಅವುಗಳ ಮೇಲೆ ಹರಿದಾಡಿ ಒಂದು ಕಡೆ ನಿಂತವು.

"ಇದು ನಿನ್ನ ಹೆಸರಲ್ವಾ?"

"ಹೂಂ ಅಮ್ಮ..."

"ಚೆನ್ನಾಗಿ ಒತ್ತಿದಾರೆ" ಎಂದಳು ಅಮ್ಮ. ಇನ್ನೊಮ್ಮೆ ಮುಟ್ಟಿ ನೋಡಿದಳು. "ಓದಪ್ಪ, ಜೋರಾಗಿ ಓದು."

ಅವನು ಓದಿದ. ಬಿಸಿನೀರು, ಬೆರಳುಗಳು ಬಂದಲ್ಲಿ ನಿಂತ.

"ಅಲ್ಲಿ ನಿಲ್ಲಬೇಡಿ" ಎಂದಳು ಅವಳು ಮೆಲ್ಲಗೆ. "ಆ ವಾಕ್ಯ ಮುಗಿದಿಲ್ಲ."

ಅಮ್ಮನ ಬೆರಳುಗಳು ಮಡಿಲಲ್ಲಿ, ಅವನು ಓದಿದ್ದನ್ನೆಲ್ಲ ಟೈಪ್ ಮಾಡುವಂತೆ ಆಡುತ್ತಿದ್ದವು. ಒಂದು ಅಧ್ಯಾಯ ಮುಗಿದಾಗ ಮಗಳು ಹಳೆಯ ಕರಡಿನ ಕೊನೆಯ ಪುಟವನ್ನು ತಂದು ಅವನ ಮುಂದಿಟ್ಟಳು. ಅಂಚಿನ ಪ್ರಶ್ನೆಯ ಕೆಳಗೆ, ಪೆನ್ಸಿಲ್‌ನಲ್ಲೇ, ಒಂದು ಪದ ಬರೆದಿದ್ದಳು. 'ಇಲ್ಲಿಗೆ.'

ಅವನ ಕಣ್ಣು ತುಂಬಿತು.

"ಸಿಟ್ಟು ಇನ್ನೂ ಹಾಗೇ ಇದೆ, ಗೊತ್ತಾ?"

"ಗೊತ್ತು."

"ಅಮ್ಮ ಗೋಡೆ ತಡಕಾಡಿದಾಗೆಲ್ಲ ನಿಮ್ಮ ಮೇಲೆ ಕೂಗಾಡ್ತೀನಿ. ಮದುವೆ ಆದ್ಮೇಲೂ ಬಿಡಲ್ಲ."

ಕೊನೆಯ ಮಾತು ತಾನಾಗಿ ಬಾಯಿಗೆ ಬಂದದ್ದು ಕೇಳಿ ಅವಳೇ ಬೆಚ್ಚಿದಳು. ಅವನು ಪುಸ್ತಕ ಮುಚ್ಚಿ, ಮೊದಲ ದಿನದ ಹಾಗೆಯೇ ನೇರವಾಗಿ ಅವಳನ್ನು ನೋಡಿದ.

"ಜೋರಾಗಿ ಕೂಗಾಡಿ. ನಾನು ಕೇಳಿಸ್ಕೋತೀನಿ."